ಶಬ್ದವಿಲ್ಲದ ಬೆಳಕು

ಮೊದಲೇ ಹೇಳಿಬಿಡುತ್ತೇನೆ, ನನಗೆ ಜಂಬ ಜಾಸ್ತಿ. ಇಪ್ಪತ್ತೆಂಟು ವರ್ಷದಿಂದ ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಸುಟ್ಟುಹೋದ ಪಂಪು, ಗಿರಣಿ ಮೋಟಾರು, ಮಿಕ್ಸಿ, ಯಾವುದು ಬಂದರೂ ಹಳೇ ತಂತಿ ಬಿಚ್ಚಿ, ಸುತ್ತು ಎಣಿಸಿ, ಹೊಸ ತಂತಿ ಸುತ್ತಿ ಕೊಡುತ್ತೇನೆ. ಅಂಜನಕುಮಾರ ಸುತ್ತಿದ ಮೋಟಾರು ಎರಡನೇ ಸಲ ಸುಡುವುದಿಲ್ಲ ಅಂತ ಜನ ಹೇಳುತ್ತಾರೆ. ಜನಕ್ಕಿಂತ ಹೆಚ್ಚು ಸಲ ಅದನ್ನು ನೀವೇ ಹೇಳಿದ್ದೀರಿ ಅಂತ ನನ್ನ ಹೆಂಡತಿ ಆಶಾರಾಣಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಈಗ ನಾನು ಹೇಳಬೇಕಾಗಿರುವ ಸಂಗತಿಯ ಮುಂದೆ ಜಂಬ ಏನೇನೂ ಅಲ್ಲ.

ಹೋದ ವರ್ಷ ಸಕ್ಕರೆ ಕಾಯಿಲೆ ಗಂಟುಬಿತ್ತು. ಡಾಕ್ಟರು ಸೈಕಲ್ ಹೊಡೆಯಿರಿ ಅಂದರು. ಬೆಳಿಗ್ಗೆ ನಾಲ್ಕೂವರೆಗೆ ದಾವಣಗೆರೆ ಬಿಟ್ಟು, ಹರಿಹರದ ಹೊಳೆ ಸೇತುವೆಯ ಹತ್ತಿರ ಚಹಾ ಕುಡಿದು ವಾಪಸ್ಸು ಬರುವ ಒಂದು ಗುಂಪಿದೆ. ಪಿ.ಜೆ. ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ರಾಜಕುಮಾರ್ ಅದರ ಮುಖಂಡ. ಸರಸ್ವತಿ ನಗರದಿಂದ ನಾನೂ ಹೋಗಿ ಸೇರಿಕೊಂಡೆ. ಅವರೆಲ್ಲರ ಸೈಕಲ್ಲಿಗೂ ಬೆರಳುದ್ದದ ಫಾರಿನ್ ಲೈಟು. ನನ್ನದಕ್ಕೆ ಟ್ಯೂಬಿನ ಚೂರಿನಿಂದ ಕಟ್ಟಿದ ಟಾರ್ಚು.

"ಅಂಜನಕುಮಾರ್, ನೀವು ನಮ್ಮ ಹಿಂದೆ ಬರ್ರಿ. ನಿಮ್ಮ ಟಾರ್ಚು ಉಸಿರು ಬಿಡ್ತಾ ಐತೆ," ಅಂತ ರಾಜಕುಮಾರ್ ಎಲ್ಲರೆದುರು ಅಂದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲಾ ಉರಿದುಹೋಯಿತು. ವೈಂಡಿಂಗ್ ಮಾಡುವವನಿಗೆ ಕರೆಂಟಿನ ವಿಷಯದಲ್ಲಿ ಬಟ್ಟೆ ಮಾರುವವನು ಬುದ್ಧಿ ಹೇಳುವುದೇ?

ಒಂದು ತಿಂಗಳು ಅದೇ ಧ್ಯಾನ. ಗುಜರಿಯಿಂದ ಹಳೇ ಸ್ಕೂಟರಿನ ಮ್ಯಾಗ್ನೆಟ್ಟು ತಂದೆ. ಸಣ್ಣ ತಂತಿಯಲ್ಲಿ ಕಾಯಿಲ್ ಸುತ್ತಿದೆ. ಅಂಗಡಿಯಲ್ಲಿ ಸಿಗುವ ಡೈನಮೋ ಟಯರಿಗೆ ಉಜ್ಜಿಕೊಂಡು ಗುಂಯ್ ಅಂತ ಅಳುತ್ತದೆ. ನನ್ನದು ಮುಂದಿನ ಗಾಲಿಯ ನಡುವೆ, ಹಬ್ಬಿನ ಒಳಗೇ ಕೂತಿತ್ತು. ಎಲ್ಲಿಯೂ ಉಜ್ಜುವುದಿಲ್ಲ, ಶಬ್ದ ಅನ್ನುವುದೇ ಇಲ್ಲ. ಅದು ತಿರುಗಿದಷ್ಟೂ ಸೀಟಿನ ಕೆಳಗಿನ ಪುಟ್ಟ ಬ್ಯಾಟರಿ ತುಂಬುತ್ತಿತ್ತು. ಆ ಬ್ಯಾಟರಿಯಿಂದ ಎಲ್‌ಇಡಿ. ಅದೂ ಎಂಥಾ ಎಲ್‌ಇಡಿ? ಮಲೆಬೆನ್ನೂರಿನ ಕಡೆ ಕತ್ತಲಲ್ಲಿ ಗದ್ದೆಗೆ ಇಳಿಯುವ ಟ್ರ್ಯಾಕ್ಟರಿನವರು ಹಾಕಿಸಿಕೊಳ್ಳುತ್ತಾರಲ್ಲ, ಅಂಥದ್ದು.

ಗಾಲಿಯ ಹಬ್ಬನ್ನೂ ಎಲ್‌ಇಡಿ ಕೂರುವ ಲೋಹದ ಬಟ್ಟಲನ್ನೂ ಕಡೆಯಲು ಲೇತ್ ಬೇಕಿತ್ತು. ಹರಿಹರದ ಹೊರಗೆ, ದಾವಣಗೆರೆ ರಸ್ತೆಯ ಮೇಲೇ ಒಂದು ಲೇತ್ ಶೆಡ್ಡಿದೆ. ನಬೀ ಸಾಬರದ್ದು. ಅವರಿಗೆ ಮಂಡಿನೋವು ಬಂದ ಮೇಲೆ ಮಗ ನಯೀಮ್ ನೋಡಿಕೊಳ್ಳುತ್ತಾನೆ. ಆದರೆ ಲೇತಿನ ಮೇಲೆ ಕೈ ಇಡುವವರು ಕೊಟ್ಟೂರಪ್ಪ. ಮುಚ್ಚಿಹೋದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ವಯಸ್ಸು ಅರವತ್ತೇಳು, ಹಣೆಯಲ್ಲಿ ವಿಭೂತಿ, ಮಾತು ಕಡಿಮೆ.

ನಾನು ಅಳತೆ ಹಾಕಿ ಬರೆದುಕೊಂಡು ಹೋಗಿದ್ದ ಚಿತ್ರವನ್ನು ಅವರು ಬೆಳಕಿಗೆ ಹಿಡಿದು ನೋಡಿದರು. "ಸಾರ್, ಮ್ಯಾಲೆ ಒಂದು ಟೊಪ್ಪಿಗೆ ಇಟ್ಟುಕೊಡ್ತೀನಿ. ಇಲ್ಲಾಂದ್ರೆ ಎದುರಿಗೆ ಬರೋರ ಕಣ್ಣಿಗೆ ಹೊಡಿತೈತೆ," ಅಂದರು.

"ಕೊಟ್ಟೂರಪ್ಪಾರೆ, ಟೊಪ್ಪಿಗೆ ಯಾಕೆ? ಅದಕ್ಕೇನು ನೆಗಡಿ ಆಗೈತಾ? ನಾ ಬರೆದಷ್ಟು ಮಾಡ್ರಿ ಸಾಕು," ಅಂದೆ.

ನಯೀಮ್ ನಕ್ಕ. ಕೊಟ್ಟೂರಪ್ಪ ನಗಲಿಲ್ಲ. "ಆಯ್ತು ಬಿಡ್ರಿ," ಅಂದು ನಾನು ಬರೆದಷ್ಟನ್ನೇ, ಕೂದಲೆಳೆ ಹೆಚ್ಚುಕಡಿಮೆ ಇಲ್ಲದ ಹಾಗೆ ಕಡೆದು ಕೊಟ್ಟರು.

ಮೊದಲನೇ ದಿನ ಸ್ವಿಚ್ ಒತ್ತಿದೆ ನೋಡಿ, ರಾಜಕುಮಾರನ ನೆರಳು ಅರ್ಧ ಫರ್ಲಾಂಗು ಮುಂದಕ್ಕೆ ಬಿತ್ತು. "ಅಬ್ಬಬ್ಬಾ, ಹಿಂದೆ ಲಾರಿ ಬಂತು ಅಂದ್ಕೊಂಡೆ!" ಅಂತ ಅವನು ಪಕ್ಕಕ್ಕೆ ಸರಿದ. ಆ ಸುಖ ಏನು ಹೇಳಲಿ! ಲೈಟನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಕಟ್ಟಿದೆ, ಬೇವಿನ ಮರದ ತುದಿಯೂ ಕಾಣಬೇಕು ಅಂತ. ಗುಂಪಿನಲ್ಲಿ ಐದು ಜನ ತಮಗೂ ಒಂದೊಂದು ಬೇಕು ಅಂದರು. ಮನೆಗೆ ಬಂದು ಹೇಳಿದರೆ ಆಶಾರಾಣಿ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ. ನೀವು ಬೆಳಗಿನ ಜಾವ ಸೂರ್ಯನ್ನ ಹಿಡ್ಕೊಂಡು ಹೊಂಟೀರಿ," ಅಂದಳು. ಅದನ್ನೂ ಹೊಗಳಿಕೆ ಅಂತಲೇ ತಗೊಂಡೆ.

ಒಂಬತ್ತನೇ ದಿನ. ಸೇತುವೆಗೆ ಮೊದಲು ಯಾರು ಮುಟ್ಟುತ್ತಾರೆ ಅಂತ ನನಗೂ ರಾಜಕುಮಾರನಿಗೂ ಪಂದ್ಯ. ಅವತ್ತು ಬೇರೆ ಯಾರೂ ಬಂದಿರಲಿಲ್ಲ. ಅವನು ಮುಂದೆ ಹೋಗಿದ್ದ. ಹರಿಹರ ಇನ್ನೇನು ಬಂತು ಅನ್ನುವಾಗ ಎದುರಿನಿಂದ ಒಂದು ಸೈಕಲ್ ಬಂತು. ಲೈಟಿಲ್ಲದ ಹಳೇ ಸೈಕಲ್. ಹೊಡೆಯುತ್ತಿದ್ದವನು ಒಂದು ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಸೈಕಲ್ ಅತ್ತ ಇತ್ತ ಹೊಯ್ದಾಡಿತು. ನಾನು ಸರ್ರನೆ ದಾಟಿ ಮುಂದೆ ಹೋದೆ. ಹಿಂದೆ ದಡ್ ಅಂತ ಬಿದ್ದ ಸದ್ದು, "ಅಯ್ಯಪ್ಪಾ" ಅನ್ನುವ ದನಿ.

ಕೇಳಿಸಲಿಲ್ಲ ಅಂತ ಸುಳ್ಳು ಹೇಳಲಾರೆ. ಚೆನ್ನಾಗಿ ಕೇಳಿಸಿತು. ಬ್ರೇಕಿನ ಮೇಲೆ ಬೆರಳು ಹೋಗಿತ್ತು ಕೂಡ. ಆದರೆ ನಿಲ್ಲಲಿಲ್ಲ. ಕತ್ತು ತಿರುಗಿಸಿ, "ಲೈಟ್ ಇಲ್ದೆ ರೋಡಿಗೆ ಯಾಕ್ರೀ ಬರ್ತೀರಿ? ಕಣ್ಣೇನು ಕುರುಡಾ?" ಅಂತ ಕೂಗಿದೆ. ಪೆಡಲ್ ತುಳಿದೆ. ರಾಜಕುಮಾರನಿಗಿಂತ ಮೊದಲು ಸೇತುವೆ ಮುಟ್ಟಿದೆ. ಸಕ್ಕರೆ ಹಾಕದ ಚಹಾ ಕುಡಿದೆ. ವಾಪಸ್ಸು ಬರುವಾಗ ಬೆಳಕು ಹರಿದಿತ್ತು, ಅಲ್ಲಿ ಯಾರೂ ಇರಲಿಲ್ಲ. ಎದ್ದು ಹೋಗಿರಬೇಕು ಅಂದುಕೊಂಡು ಮರೆತುಬಿಟ್ಟೆ.

ಎರಡು ವಾರ ಬಿಟ್ಟು ಐದು ಬಟ್ಟಲು ಮಾಡಿಸಲು ಶೆಡ್ಡಿಗೆ ಹೋದೆ. ಲೇತಿನ ಮುಂದೆ ನಯೀಮ್ ನಿಂತಿದ್ದ. ಕೊಟ್ಟೂರಪ್ಪ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ತಗಡಿನ ಡಬ್ಬಿ ಇಟ್ಟುಕೊಂಡು ನಟ್ಟು ವಾಷರು ಬೇರೆ ಮಾಡುತ್ತಿದ್ದರು. ಎಡಗೈ ಮಣಿಕಟ್ಟಿಗೆ ಪ್ಲಾಸ್ಟರು.

"ಏನಾಯ್ತು ಕೊಟ್ಟೂರಪ್ಪಾರೆ?"

ನಯೀಮ್ ಲೇತ್ ನಿಲ್ಲಿಸಿ ಬಂದ. "ಏನ್ ಹೇಳಾನ ಸಾರ್. ಬೇಸಿಗೇಲಿ ಮಧ್ಯಾಹ್ನ ಕರೆಂಟ್ ತೆಗಿತಾರೆ ಅಂತ ನಾವು ಬೆಳಿಗ್ಗೆ ಐದೂವರೆಗೇ ಲೇತ್ ಶುರು ಮಾಡ್ತೀವಿ. ಕಾಕಾ ಮನೆಯಿಂದ ಸೈಕಲ್ ಮ್ಯಾಲೆ ಬರ್ತಿದ್ರು. ಚರಂಡಿಗೆ ಬಿದ್ರು. ಯಾಕೆ ಬಿದ್ರಿ ಅಂತ ಕೇಳಿದ್ರೆ, ಎದುರಿಗೆ ಒಂದು ದೊಡ್ಡ ಬೆಳಕು ಬಂತು ಅಂತಾರೆ. ಲಾರಿನಾ? ಅಲ್ಲ. ಬೈಕಾ? ಅಲ್ಲ, ಶಬ್ದಾನೇ ಇರ್ಲಿಲ್ಲ ಅಂತಾರೆ. ಶಬ್ದ ಇಲ್ಲದ ಬೆಳಕು! ಅದೂ ಹೋಗ್ಲಿ, ಆ ಬೆಳಕು ಇವ್ರಿಗೆ ಬೈತಂತೆ!"

ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

"ಬೈತು," ಅಂದರು ಕೊಟ್ಟೂರಪ್ಪ, ವಾಷರಿನಿಂದ ಕಣ್ಣೆತ್ತದೆ. "ಕುರುಡಾ ಅಂತು."

"ನೋಡಿದ್ರಾ? ಆಸ್ಪತ್ರೇಲಿ ಕಣ್ಣು ತೋರಿಸಿದ್ವಿ. ಸ್ವಲ್ಪ ಪೊರೆ ಐತೆ ಅಂದ್ರು. ಸ್ವಲ್ಪಾನೇ, ಆದ್ರೆ ಲೇತ್ ಅಂದ್ರೆ ತಮಾಷೆನಾ ಸಾರ್? ರೋಡೇ ಕಾಣದೋರು ಲೇತಿನ ತಿರುಗೋ ಚಕ್ಕಿಗೆ ಕೈ ಕೊಟ್ರೆ? ಅದಕ್ಕೇ ನಾನು ಬ್ಯಾಡ ಕಾಕಾ, ಕೂತ್ಕೊಂಡು ಮಾಡೋ ಕೆಲಸ ಮಾಡ್ರಿ ಅಂದೀನಿ." ನಯೀಮ್ ದನಿ ತಗ್ಗಿಸಿದ. "ಕಣ್ಣಿಗಿಂತ ತಲೆದೇ ಚಿಂತೆ. ಅವ್ರ ಸೊಸೆ ಉಮಾಮಹೇಶ್ವರಿ ತಾಯತ ಕಟ್ಟಿಸ್ಯಾಳೆ."

ಆಗ ಕೊಟ್ಟೂರಪ್ಪ ತಲೆ ಎತ್ತಿದರು. ನನ್ನ ಮುಖವನ್ನು ನೋಡಿದರು. ಆ ನೋಟದಲ್ಲಿ ಸಂಶಯ ಇರಲಿಲ್ಲ, ಆಸೆ ಇತ್ತು. "ಸಾರ್, ನಿಮ್ಮ ಲೈಟು ಹೆಂಗೆ ಬಂತು? ಭಾಳ ಬೆಳಕು ಬಿತ್ತಾ?"

ಊರಿಗೆಲ್ಲಾ ಡಂಗುರ ಸಾರಿದ್ದೆನಲ್ಲ ಆ ಲೈಟಿನ ಬಗ್ಗೆ. ಚಹಾದಂಗಡಿಯವನಿಗೆ ಹೇಳಿದ್ದೆ, ಗಿರಣಿಯವನಿಗೆ ಹೇಳಿದ್ದೆ, ಪಂಪು ರಿಪೇರಿಗೆ ಬಂದವರಿಗೆಲ್ಲ ಹೇಳಿದ್ದೆ. ಜಂಬ ಕೊಚ್ಚಿಕೊಳ್ಳಲೇಬೇಕಾಗಿದ್ದ ಒಂದೇ ಒಂದು ಜಾಗದಲ್ಲಿ ನನ್ನ ಬಾಯಿಂದ ಏನು ಬಂತು ಗೊತ್ತೇ?

"ಅಯ್ಯೋ, ಅದಾ? ಸರಿಯಾಗಿ ಬರ್ಲಿಲ್ಲ ಬಿಡ್ರಿ. ಮಿಣುಕು ಮಿಣುಕು ಅಂತಿತ್ತು. ಬಿಚ್ಚಿಟ್ಟೀನಿ."

"ಮತ್ತೆ ಐದು ಬಟ್ಟಲು?" ಅಂದ ನಯೀಮ್.

"ಅದು ಬೇರೆ ಕೆಲಸಕ್ಕೆ."

"ಸಾರ್, ನೀವು ಕರೆಂಟ್ ತಿಳಿದೋರು. ನೀವೇ ಹೇಳ್ರಿ ಕಾಕಾಗೆ. ಶಬ್ದ ಇಲ್ಲದೆ ಅಷ್ಟು ಬೆಳಕು ಬರಾಕೆ ಸಾಧ್ಯ ಐತಾ?"

"ಸಾಧ್ಯ ಇಲ್ಲ," ಅಂದೆ.

ಕೊಟ್ಟೂರಪ್ಪ ಇನ್ನೂ ಒಂದು ಕ್ಷಣ ನನ್ನನ್ನು ನೋಡಿದರು. "ಸಾರು ಹೇಳಿದ ಮ್ಯಾಲೆ ಮುಗೀತು," ಅಂದು ಮತ್ತೆ ಡಬ್ಬಿಗೆ ಕೈ ಹಾಕಿದರು.

ಮನೆಗೆ ಹೇಗೆ ಬಂದೆನೋ ಕಾಣೆ. ಲೈಟಿಗೆ ಗೋಣಿಚೀಲ ಸುತ್ತಿ ಅಂಗಡಿಯ ಅಟ್ಟದ ಮೇಲೆ ಎಸೆದೆ. ಮಂಡಿನೋವು ಅಂತ ರಾಜಕುಮಾರನಿಗೆ ಫೋನು ಮಾಡಿ ಸವಾರಿ ಬಿಟ್ಟೆ. ಲೈಟು ಬೇಕು ಅಂದಿದ್ದವರು ಅಂಗಡಿಗೆ ಬಂದರೆ ಸಾಮಾನು ಸಿಕ್ಕಿಲ್ಲ ಅಂದೆ. ಹೇಳಿಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ನಾಳೆ, ಸೋಮವಾರ, ಹುಣ್ಣಿಮೆ ಕಳೆಯಲಿ, ಹೀಗೆ. ಹೇಳಿದರೆ ಏನಾಗುತ್ತೆ? ಬಿದ್ದವನನ್ನು ಬಿಟ್ಟು ಓಡಿದ ಅಂತಾರೆ. ಬಿದ್ದವನಿಗೇ ಬೈದ ಅಂತಾರೆ. ಆಮೇಲೆ ಮುಖದ ಮೇಲೇ ಸುಳ್ಳು ಹೇಳಿದ ಅಂತಾರೆ. ಮೂರೂ ನಿಜ. ಯಾರಾದರೂ ಕಣ್ಣು ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಗಿರಾಕಿಯೊಬ್ಬರು ತಮ್ಮ ತಾಯಿಗೆ ಕಣ್ಣಿನ ಆಪರೇಷನ್ ಆಯ್ತು ಅಂದರು, ಅಷ್ಟಕ್ಕೇ ನಾನು ಅವರ ಮೇಲೆ ರೇಗಿಬಿಟ್ಟೆ.

ತಿಂಗಳು ಕಳೆದ ಮೇಲೆ ನಯೀಮೇ ನಮ್ಮ ಅಂಗಡಿಗೆ ಬಂದ, ಐದು ಬಟ್ಟಲು ತಗೊಂಡು. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಆಶಾರಾಣಿ ಅವನಿಗೆ ಮಜ್ಜಿಗೆ ತಂದುಕೊಟ್ಟಳು. ಬಟ್ಟಲುಗಳನ್ನು ನೋಡಿದೆ. ಒಂದೂ ದುಂಡಗಿರಲಿಲ್ಲ.

"ನನ್ನ ಕೈ ಇಷ್ಟೇ ಸಾರ್," ಅಂತ ಅವನು ನಾಚಿಕೊಂಡ. "ಕಾಕಾ ಇದ್ದಿದ್ರೆ ನೋಡ್ಬೇಕಿತ್ತು ನೀವು. ಪ್ಲಾಸ್ಟರ್ ಬಿಚ್ಯಾರೆ. ಆದ್ರೆ ಶೆಡ್ಡಿಗೇ ಬರಾಂಗಿಲ್ಲ ಅಂತಾರೆ. ಮೊನ್ನೆ ಇದನ್ನ ಕೊಟ್ಟು ಕಳಿಸ್ಯಾರೆ, ಇಟ್ಕೋ ಅಂತ." ಜೇಬಿನಿಂದ ಒಂದು ಮೈಕ್ರೋಮೀಟರ್ ತೆಗೆದ. ಕಾರ್ಖಾನೆಯಲ್ಲಿದ್ದಾಗಿನಿಂದ ಕೊಟ್ಟೂರಪ್ಪನವರ ಜೇಬಿನಲ್ಲೇ ಇದ್ದದ್ದು, ಅಳತೆ ನೋಡುವ ಸಾಧನ. ಹಿಡಿಯ ಬಣ್ಣ ಬೆರಳಿನ ಆಕಾರಕ್ಕೆ ಸವೆದಿತ್ತು. "ಮುಂದಿನ ವಾರ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಾರಂತೆ, ತಲೆ ಡಾಕ್ಟ್ರಿಗೆ ತೋರಿಸಾಕೆ."

"ಯಾಕಪ್ಪಾ, ಏನಾಗೈತೆ ಅವ್ರಿಗೆ?" ಅಂತ ಆಶಾರಾಣಿ ಕೇಳಿದಳು.

ನಯೀಮ್ ಎಲ್ಲಾ ಹೇಳಿದ. ಬೆಳಕು, ಶಬ್ದ ಇಲ್ಲ, ಬೈತು, ಚರಂಡಿ. "ಮೊದಮೊದಲು ಕಾಕಾ ಜಗಳ ಆಡ್ತಿದ್ರು ಅಕ್ಕಾ, ನಾ ಕಂಡಿದ್ದು ನಿಜ ಅಂತ. ಸಾರು ಸಾಧ್ಯ ಇಲ್ಲ ಅಂದ ಮ್ಯಾಲೆ ಪಾಪ ಸುಮ್ನಾಗ್ಬಿಟ್ರು."

ಆಶಾರಾಣಿ ನನ್ನ ಕಡೆ ತಿರುಗಿದಳು. ನಾನು ಬಟ್ಟಲು ನೋಡುತ್ತಾ ಕೂತೆ. ಅವನು ಹೋದ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ.

"ನೀವೇ ಅಲ್ವಾ?"

ಹೂಂ ಅಂದೆ.

"ಬೈದಿದ್ದೂ?"

ಅದಕ್ಕೂ ಹೂಂ ಅಂದೆ.

"ಬಡಿಸ್ತೀನಿ ಬರ್ರಿ. ಗಂಟಲಾಗೆ ಇಳಿತೈತಾ ನೋಡ್ರಿ," ಅಂದು ಒಳಗೆ ಹೋದಳು. ಇಳಿಯಲಿಲ್ಲ.

ಮರುದಿನ ಹನ್ನೊಂದು ಗಂಟೆಯ ಬಿಸಿಲಲ್ಲಿ, ಲೈಟು ಕಟ್ಟಿಕೊಂಡು ಹರಿಹರಕ್ಕೆ ಸೈಕಲ್ ಹೊಡೆದೆ. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಸೈಕಲ್ಲೇ ಸಾಕ್ಷಿ, ಬಿಟ್ಟು ಹೋದರೆ ಮತ್ತೆ ಬಾಯಿ ತಿರುಚುತ್ತೇನೆ ಅಂತ ನನಗೇ ನನ್ನ ಮೇಲೆ ಭಯ. ಕೊಟ್ಟೂರಪ್ಪನವರನ್ನು ಕರೆಸು ಅಂತ ನಯೀಮಿಗೆ ಹೇಳಿದೆ. ಅವನು ಬೈಕಿನಲ್ಲಿ ಹೋಗಿ ಕರೆತಂದ. ಒಗೆದ ಅಂಗಿ ಹಾಕಿಕೊಂಡು, ಯಾರದೋ ಮನೆಗೆ ನೆಂಟರಾಗಿ ಬಂದವರ ಹಾಗೆ ಅವರು ಬಾಗಿಲಲ್ಲೇ ನಿಂತರು. ಸಪೂರ ಆಗಿದ್ದರು.

"ಬರ್ರಿ, ಒಳಗೆ ಬರ್ರಿ," ಅಂದೆ. "ನಯೀಮ್, ಶಟರ್ ಎಳಿಯಪ್ಪಾ."

ಶೆಡ್ಡು ಕತ್ತಲಾಯಿತು. ಸ್ವಿಚ್ ಒತ್ತಿದೆ.

ಲೇತು, ಗೋಡೆ, ಮೂಲೆಯ ಜೇಡರ ಬಲೆ, ಎಲ್ಲಾ ಬೆಳ್ಳಗಾಯಿತು. ಕೊಟ್ಟೂರಪ್ಪ ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಅವತ್ತು ರಸ್ತೆಯಲ್ಲಿ ಹಿಡಿದ ಹಾಗೆಯೇ. ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೈಕಲ್ಲಿನ ಮುಂದಿನ ಗಾಲಿ ಎತ್ತಿ ಜೋರಾಗಿ ತಿರುಗಿಸಿದೆ. ಗಾಲಿ ತಿರುಗಿತು. ಒಂದು ಸಣ್ಣ ಸದ್ದೂ ಬರಲಿಲ್ಲ.

"ಯಾ ಅಲ್ಲಾ," ಅಂದ ನಯೀಮ್.

"ಅವತ್ತು ಎದುರಿಗೆ ಬಂದೋನು ನಾನೇ ಕೊಟ್ಟೂರಪ್ಪಾರೆ. ನೀವು ಬಿದ್ದಿದ್ದು ಕೇಳಿಸ್ತು. ನಿಲ್ಲಲಿಲ್ಲ. ಆಮೇಲೆ ಇಲ್ಲೇ ನಿಂತು ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ." ಇನ್ನೂ ಏನೇನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಯಾವುದೂ ಬರಲಿಲ್ಲ.

"ಥೂ ನಿಮ್ಮ!" ಅಂದ ನಯೀಮ್. "ಮನುಷ್ಯರಾ ಸಾರ್ ನೀವು? ಹುಚ್ಚು ಹಿಡೀತು ಅಂತ ನಾವೆಲ್ಲಾ ಸೇರ್ಕೊಂಡು ಅವ್ರನ್ನ..." ನನ್ನ ಮಗನ ವಯಸ್ಸಿನವನು. ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ.

ಕೊಟ್ಟೂರಪ್ಪ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಕೈ ಇಳಿಸದೆ, ಬೆರಳ ಸಂದಿಯಿಂದ ಆ ಬೆಳಕನ್ನೇ ನೋಡುತ್ತಿದ್ದರು.

"ಹೂಂ. ಇದೇ," ಅಂದರು. ಆಮೇಲೆ, "ಬೈದಿದ್ದು?"

"ಅದೂ ನಾನೇ."

"ಇನ್ನೊಂದು ಸಲ ಬೈರಿ."

"ಅಯ್ಯೋ ಬ್ಯಾಡ್ರಿ, ಕಾಲು ಹಿಡೀತೀನಿ..."

"ಬೈರಿ ಸಾರ್. ಅವತ್ತು ಹೆಂಗೆ ಅಂದ್ರೋ ಹಂಗೇ. ನಾ ಕೇಳ್ಬೇಕು."

ಬೇರೆ ದಾರಿ ಇರಲಿಲ್ಲ. ನನ್ನ ತಂದೆಯ ವಯಸ್ಸಿಗೆ ಹತ್ತಿರ ಬರುವ ಆ ಮನುಷ್ಯನ ಮುಂದೆ ನಿಂತು, ಮುರಿದು ಕೂಡಿಕೊಂಡ ಅವರ ಮಣಿಕಟ್ಟನ್ನು ನೋಡುತ್ತಾ, "ಲೈಟ್ ಇಲ್ದೆ ರೋಡಿಗೆ ಯಾಕ್ರೀ ಬರ್ತೀರಿ? ಕಣ್ಣೇನು ಕುರುಡಾ?" ಅಂದೆ. ದನಿ ಏಳಲಿಲ್ಲ. "ಜೋರಾಗಿ," ಅಂದರು. ಜೋರಾಗಿ ಅಂದೆ. ತಗಡಿನ ಶೆಡ್ಡು, ಮಾತು ಎರಡೆರಡು ಸಲ ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಕೊಟ್ಟೂರಪ್ಪ ನಯೀಮಿನ ಕಡೆ ತಿರುಗಿದರು. "ಕೇಳಿದ್ಯಾ? ಇವೇ ಮಾತು. ನಾ ಹೇಳಿರ್ಲಿಲ್ಲಾ?"

"ಹೇಳಿದ್ರಿ ಕಾಕಾ. ನೀವು ಹೇಳಿದ್ದೇ ಖರೆ. ನಂದೇ ತಪ್ಪಾತು." ನಯೀಮ್ ಶಟರ್ ಎತ್ತಿದ. ಮೈಕ್ರೋಮೀಟರನ್ನು ತೆಗೆದು ಎರಡೂ ಕೈಯಿಂದ ಅವರ ಮುಂದೆ ಹಿಡಿದ. "ಸೊಸೆಗೆ ನಾನೇ ಬಂದು ಹೇಳ್ತೀನಿ. ಶಿವಮೊಗ್ಗ ಗಿವಮೊಗ್ಗ ಏನೂ ಬ್ಯಾಡ. ಬರ್ರಿ, ನಿಲ್ರಿ ಲೇತಿಗೆ."

ಅವರು ಅಂಗಿಯ ತೋಳು ಮಡಚಿದರು. ನಾನು ವಾಪಸ್ಸು ತಂದಿದ್ದ ಸೊಟ್ಟ ಬಟ್ಟಲುಗಳಲ್ಲಿ ಒಂದನ್ನು ಲೇತಿನ ಚಕ್ಕಿಗೆ ಕಟ್ಟಿದರು. ಲೇತ್ ತಿರುಗಿತು. ಅಲ್ಯೂಮಿನಿಯಂ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು. ಕೈ ಒಂದಿಷ್ಟೂ ನಡುಗಲಿಲ್ಲ. ನನ್ನ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಸದ್ಯ, ಎಲ್ಲಾ ಮೊದಲಿನ ಹಾಗೇ ಆಯ್ತು ಅಂದುಕೊಂಡೆ.

ಅವರು ಲೇತ್ ನಿಲ್ಲಿಸಿ ಮೈಕ್ರೋಮೀಟರ್ ಹಚ್ಚಿದರು. ಗೆರೆ ನೋಡಿದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಅದನ್ನು ನಯೀಮಿನ ಕಡೆ ಚಾಚಿದರು.

"ಎಷ್ಟೈತೆ ನೋಡು."

ನಯೀಮ್ ತಬ್ಬಿಬ್ಬಾದ. "ನಾನಾ? ಕಾಕಾ, ನೀವು ಯಾವತ್ತು ಯಾರಿಗೆ ಅಳತೆ ತೋರಿಸಿ ಕೇಳೀರಿ? ಇಷ್ಟು ವರ್ಷದಾಗೆ ಒಂದು ಸಲನೂ ಇಲ್ಲ."

"ಆವಾಗ ಬೇರೆ ಬಿಡು. ನೋಡು, ಎಷ್ಟೈತೆ?"

"ಈಗ ಗೊತ್ತಾತಲ್ಲ ಕಾಕಾ, ನಿಮ್ಮ ಕಣ್ಣು ಸರಿ ಐತೆ. ನೀವು ಕಂಡಿದ್ದು ನಿಜ ಇತ್ತು."

"ನಿಜ ಇತ್ತು," ಅಂದರು ಕೊಟ್ಟೂರಪ್ಪ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ಆದ್ರೆ ಸಾರು ಸಾಧ್ಯ ಇಲ್ಲ ಅಂದ್ರಲ್ಲ ನಯೀಮ, ಅವತ್ತು ನಾನೂ ಅವ್ರನ್ನೇ ನಂಬಿದೆ. ನನ್ನ ಕಣ್ಣನ್ನ ನಂಬಲಿಲ್ಲ. ಒಂದು ತಿಂಗಳು ನಂಬಲಿಲ್ಲ. ಈಗ ಏಕಾಏಕಿ ನಂಬು ಅಂದ್ರೆ ಹೆಂಗೆ ನಂಬಲಿ?"

ನಯೀಮ್ ಅಳತೆ ಓದಿ ಹೇಳಿದ. ಸರಿಯಾಗಿತ್ತು. ಕೊಟ್ಟೂರಪ್ಪ ತಲೆಯಾಡಿಸಿದರು. ಲೇತ್ ಮತ್ತೆ ಶುರು ಮಾಡಿ, ಇನ್ನೊಂದು ತೆಳು ಪದರ ಕಡೆದು, ನಿಲ್ಲಿಸಿ, ಅಳೆದು, ಮತ್ತೆ ಅವನ ಕಡೆ ಚಾಚಿದರು.